ಸಿಂಕ್ ತಂತ್ರಾಂಶವನ್ನು ಹೊಸದು ಮಾಡುವ ಮುನ್ನ

ಈ ಲೇಖನವನ್ನು ನಾವು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ.

ನಮ್ಮ ವಾಚನಾಲಯದ ಮೂಲೆಯಲ್ಲಿ, ವಾರಪತ್ರಿಕೆಗಳ ಮೇಜಿನ ಆಚೆಗೆ, ದಾನವಾಗಿ ಬಂದ ಹಳೆಯ ಕಂಪ್ಯೂಟರೊಂದು ಇರುವುದನ್ನು ವಾಚಕರು ಬಲ್ಲರು. ವಿಂಡೋಸಿನ ಭಾರ ಹೊರಲಾರದೆ ಅದು ಏದುಸಿರು ಬಿಡುತ್ತಿದ್ದುದರಿಂದ ಕೆಲವು ವರ್ಷಗಳ ಹಿಂದೆ ನಾವು ಅದಕ್ಕೆ ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಮಿಂಟ್ ಹಾಕಿದೆವು. ಪಕ್ಕದಲ್ಲಿ ಒಂದು ಸ್ಕ್ಯಾನರು ಇದೆ. ಸದಸ್ಯರು ತಮ್ಮ ಅಂಕಪಟ್ಟಿ, ರೇಷನ್ ಕಾರ್ಡು, ಊರಿನ ಜಮೀನಿನ ಪಹಣಿ ಮೊದಲಾದವನ್ನು ಅಲ್ಲಿ ಸ್ಕ್ಯಾನು ಮಾಡಿ, ತಮ್ಮ ತಮ್ಮ ಹೆಸರಿನ ಫೋಲ್ಡರಿನಲ್ಲಿ ಇಡುತ್ತಾರೆ. ಸಿಂಕ್ ತಂತ್ರಾಂಶವೊಂದು ಆ ಫೋಲ್ಡರುಗಳನ್ನು ಅಂತರ್ಜಾಲದ ಮೂಲಕ ದೂರದ ಸರ್ವರಿಗೆ ಮುಟ್ಟಿಸುತ್ತದೆ. ಅಲ್ಲಿಂದ ಸದಸ್ಯರು ತಮ್ಮ ಫೋನಿನಲ್ಲಿಯೂ, ಊರಿನಲ್ಲಿರುವ ಅಣ್ಣತಮ್ಮಂದಿರು ತಮ್ಮ ಫೋನಿನಲ್ಲಿಯೂ ಅವನ್ನು ತೆರೆದು ನೋಡಬಹುದು.

ಭಿವಂಡಿಯ ಗೋದಾಮೊಂದರಲ್ಲಿ ಗುಮಾಸ್ತರಾಗಿರುವ, ವಿಜಯಪುರದ ಕಡೆಯ ಸದಸ್ಯರೊಬ್ಬರು ತಮ್ಮ ತಂದೆಯವರ ಗಿರಣಿ ಕೆಲಸಕ್ಕೆ ಸಂಬಂಧಪಟ್ಟ ಐದು ಕಾಗದಗಳನ್ನು ಹೀಗೆಯೇ ಇಟ್ಟಿದ್ದರು. ಮೂಲ ಪ್ರತಿಗಳು ಚಾಳಿನ ಖೋಲಿಯಲ್ಲಿ ಮಳೆಗಾಲಕ್ಕೆ ಹಾಳಾದಾವೆಂದು ಊರಿಗೆ ಕಳಿಸಿಬಿಟ್ಟಿದ್ದರು. ಒಂದು ರವಿವಾರ ಬಂದವರು ಯಂತ್ರದ ಮುಂದೆ ಕುಳಿತು, ಸ್ವಲ್ಪ ಹೊತ್ತು ಹುಡುಕಿ, ನಮ್ಮನ್ನು ಕರೆದರು. "ಸರ, ನನ್ನ ಫೋಲ್ಡರಿನ್ಯಾಗ ಏನೂ ಇಲ್ಲಲ್ರೀ. ಅಪ್ಪನ ಕಾಗದ ಎಲ್ಲಿ ಹೋದುವ್ರೀ?"

ನಡೆದದ್ದು ಇಷ್ಟು. ಸರ್ವರಿನವರು ತಮ್ಮ ಕಡೆಯ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದ್ದರು. ನಮ್ಮ ಯಂತ್ರದಲ್ಲಿದ್ದುದು ಬಹು ಹಳೆಯದು. ಸರ್ವರು ಅದರೊಡನೆ ಮಾತು ಬಿಟ್ಟಿತ್ತು. ಪರದೆಯ ಅಂಚಿನ ಸಣ್ಣ ಚಿಹ್ನೆ ಹಸಿರಿನಿಂದ ಕೆಂಪಾಗಿ ನಾಲ್ಕು ತಿಂಗಳಾಗಿದ್ದರೂ ಯಾರೂ ಗಮನಿಸಲಿಲ್ಲ. ಆ ನಾಲ್ಕು ತಿಂಗಳು ಸ್ಕ್ಯಾನು ಮಾಡಿದ್ದೆಲ್ಲ ಈ ಯಂತ್ರದಲ್ಲಿ ಮಾತ್ರ ಉಳಿದಿತ್ತು. ಒಂದು ಸಂಜೆ ನಾವು ಅದನ್ನು ಕಂಡು, ಹೊಸ ತಂತ್ರಾಂಶ ಹಾಕಲು ಹೊರಟೆವು. ಡಿಸ್ಕಿನಲ್ಲಿ ಜಾಗ ಸಾಲದು. "ಎಲ್ಲವೂ ಮೇಲೆ ಸರ್ವರಿನಲ್ಲಿ ಇದೆಯಲ್ಲ" ಎಂದುಕೊಂಡು ಹಳೆಯ ಫೋಲ್ಡರನ್ನು ನಮ್ಮ ಕೈಯಾರೆ ಅಳಿಸಿ, ಕಸದ ಬುಟ್ಟಿಯನ್ನೂ ಬರಿದು ಮಾಡಿದೆವು. ಹೊಸ ತಂತ್ರಾಂಶ ಸರ್ವರಿನಿಂದ ಇಳಿಸಿಕೊಟ್ಟದ್ದು ನಾಲ್ಕು ತಿಂಗಳ ಹಿಂದಿನ ಪ್ರಪಂಚವನ್ನು.

ಊರಿನಲ್ಲಿ ತಂಗಿ ಪೆಟ್ಟಿಗೆ ತೆಗೆದು ಹುಡುಕಿದಾಗ ಐದರಲ್ಲಿ ನಾಲ್ಕು ಕಾಗದ ಸಿಕ್ಕವು. ಐದನೆಯದು ಸಿಗಲಿಲ್ಲ. ಆ ಸದಸ್ಯರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿದ ಮೇಲೆ ನಮ್ಮ ಸದಸ್ಯರಲ್ಲಿ ಹಲವರು ತಮ್ಮ ಹಳೆಯ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಹಾಕಿಸಿಕೊಂಡಿದ್ದಾರೆ. ನಾವು ಮಾಡಿದ ತಪ್ಪನ್ನು ಅವರೂ ಮಾಡಬಾರದೆಂದು ಈ ನಾಲ್ಕು ಮಾತು.

ಮೊದಲು ತಿಳಿಯತಕ್ಕದ್ದು, ಸಿಂಕ್ ಎಂದರೇನು ಎಂಬುದು. ಅನೇಕರು ಅದನ್ನು ತಿಜೋರಿ ಎಂದು ತಿಳಿದಿದ್ದಾರೆ. ಅದು ತಿಜೋರಿಯಲ್ಲ, ಕನ್ನಡಿ. ಇಲ್ಲಿ ಒಂದು ಫೈಲು ಸೇರಿದರೆ ಅಲ್ಲಿಯೂ ಸೇರುತ್ತದೆ. ಇಲ್ಲಿ ತಿದ್ದಿದರೆ ಅಲ್ಲಿಯೂ ತಿದ್ದುತ್ತದೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಕೊನೆಯದನ್ನು ಜನ ಮರೆಯುತ್ತಾರೆ. ಹುಡುಗ ಆಟದಲ್ಲಿ ಫೋನಿನಿಂದ ಒಂದು ಫೈಲು ಅಳಿಸಿದರೆ ಅದು ಊರಿನ ಫೋನಿನಿಂದಲೂ ವಾಚನಾಲಯದ ಯಂತ್ರದಿಂದಲೂ ಹೋಗುತ್ತದೆ. ತಂತ್ರಾಂಶದ ದೃಷ್ಟಿಯಲ್ಲಿ ಅದು ಅಪಘಾತವಲ್ಲ, ಹೇಳಿದ ಕೆಲಸ. ಎಲ್ಲವನ್ನೂ ಒಟ್ಟಿಗೆ ಅಳಿಸಿದರೆ ಕೆಲವು ತಂತ್ರಾಂಶಗಳು "ನಿಜವಾಗಿಯೂ ಅಳಿಸಲೇ?" ಎಂದು ಕೇಳುವುದುಂಟು, ಒಂದೊಂದು ಫೈಲಿಗೆ ಯಾರೂ ಕೇಳುವುದಿಲ್ಲ.

ಸರ್ವರಿನಲ್ಲಿ ಅಳಿಸಿದ್ದನ್ನು ಕೆಲವು ದಿನ ಹಿಡಿದಿಡುವ ಒಂದು ಬುಟ್ಟಿ ಇರುತ್ತದೆಂಬುದು ನಿಜ. ನೆಕ್ಸ್ಟ್‌ಕ್ಲೌಡಿನಲ್ಲಿ ಸಾಮಾನ್ಯವಾಗಿ ೩೦ ದಿನ. ಜಾಗ ಕಡಿಮೆಯಾದರೆ ಆಮೇಲೆ ಎಂದಾದರೂ ಬರಿದಾಗುತ್ತದೆ. ಡ್ರಾಪ್‌ಬಾಕ್ಸಿನ ಬೆಲೆಯಿಲ್ಲದ ಖಾತೆಯಲ್ಲಿಯೂ ೩೦ ದಿನವೇ. ಆದರೆ ಸರ್ವರಿಗೆ ಎಂದೂ ಮುಟ್ಟದ ಫೈಲು ಆ ಬುಟ್ಟಿಯಲ್ಲಿ ಇರುವುದಾದರೂ ಹೇಗೆ? ನಮ್ಮ ಸದಸ್ಯರ ಕಾಗದಗಳಿಗೆ ಆದದ್ದು ಅದೇ.

ಹಾಗಾದರೆ ತಂತ್ರಾಂಶವನ್ನು ಇದ್ದ ಹಾಗೆಯೇ ಬಿಟ್ಟರೆ ಕ್ಷೇಮವಲ್ಲವೆ, ಹೊಸದು ಮಾಡುವ ಗೊಡವೆ ಯಾಕೆ ಎಂದು ಕೇಳಬಹುದು. ಕ್ಷೇಮವಲ್ಲ. ಸಿಂಕ್ ತಂತ್ರಾಂಶವು ದಿನವಿಡೀ ಅಂತರ್ಜಾಲದೊಡನೆ ಮಾತನಾಡುವಂಥದು, ನಿಮ್ಮ ಖಾತೆಯ ಕೀಲಿಯನ್ನು ಇಟ್ಟುಕೊಂಡಿರುವಂಥದು. ಅದರಲ್ಲಿ ಬಿರುಕು ಕಂಡುಬಂದರೆ ತೇಪೆ ಬರುವುದು ಹೊಸ ಆವೃತ್ತಿಯ ರೂಪದಲ್ಲಿಯೇ. ಇದಲ್ಲದೆ ಸರ್ವರುಗಳು ತೀರ ಹಳೆಯ ತಂತ್ರಾಂಶಗಳನ್ನು ಒಳಗೆ ಬಿಡುವುದಿಲ್ಲ. ನೆಕ್ಸ್ಟ್‌ಕ್ಲೌಡ್ ಸರ್ವರಿನಲ್ಲಿ "ಇದಕ್ಕಿಂತ ಹಳೆಯದು ಬೇಡ" ಎಂಬ ಕನಿಷ್ಠ ಆವೃತ್ತಿಯೊಂದು ನಿಗದಿಯಾಗಿಯೇ ಇರುತ್ತದೆ. ಅಂದಮೇಲೆ ಹೊಸದು ಮಾಡಲೇಬೇಕು. ಪ್ರಶ್ನೆ ಇರುವುದು ಎಲ್ಲಿಂದ ತರಬೇಕು, ಯಾವ ಕ್ರಮದಲ್ಲಿ ಹಾಕಬೇಕು ಎಂಬುದರಲ್ಲಿ.

ನೆಕ್ಸ್ಟ್‌ಕ್ಲೌಡನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ೨೦೧೦ರಲ್ಲಿ ಫ್ರಾಂಕ್ ಕಾರ್ಲಿಚೆಕ್ ಎಂಬವರು ಓನ್‌ಕ್ಲೌಡ್ ಎಂಬ ಕಾರ್ಯವನ್ನು ಆರಂಭಿಸಿದರು. ೨೦೧೬ರಲ್ಲಿ ಅವರೂ ಜೊತೆಗಾರರೂ ಅದರಿಂದ ಕವಲೊಡೆದು ನೆಕ್ಸ್ಟ್‌ಕ್ಲೌಡನ್ನು ಕಟ್ಟಿದರು. ಇದರ ವಿಶೇಷವೇನೆಂದರೆ ಸರ್ವರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಒಂದು ಸಂಘವೂ ಇಟ್ಟುಕೊಳ್ಳಬಹುದು. ನಮ್ಮ ಯಂತ್ರದಲ್ಲಿ ಹಾಕುವುದು ಅದರ 'ಡೆಸ್ಕ್‌ಟಾಪ್ ಕ್ಲೈಂಟು', ಎಂದರೆ ಸರ್ವರಿಗೂ ನಮ್ಮ ಫೋಲ್ಡರಿಗೂ ನಡುವೆ ಓಡಾಡುವ ಟಪಾಲಿನವನು.

ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಇವುಗಳಲ್ಲಿ ತಂತ್ರಾಂಶ ತರುವ ಮೊದಲ ಬಾಗಿಲು ಅವುಗಳದೇ ಉಗ್ರಾಣ. ಮಿಂಟಿನಲ್ಲಿ 'ಸಾಫ್ಟ್‌ವೇರ್ ಮ್ಯಾನೇಜರ್' ತೆರೆದು ನೆಕ್ಸ್ಟ್‌ಕ್ಲೌಡ್ ಡೆಸ್ಕ್‌ಟಾಪ್ ಎಂದು ಹುಡುಕಿ ಒತ್ತಿದರೆ ಆಯಿತು. ಈ ಬಾಗಿಲು ಏಕೆ ಭದ್ರ ಎಂಬುದನ್ನು ಗೋದಾಮಿನಲ್ಲಿ ಕೆಲಸ ಮಾಡುವವರಿಗೆ ವಿವರಿಸುವುದು ಸುಲಭ. ಮಾಲು ಬಂದಾಗ ಜೊತೆಗೆ ಚಲನು ಬರುತ್ತದೆಯಲ್ಲವೆ? ಉಗ್ರಾಣದಲ್ಲಿಯೂ ಒಂದು ದೊಡ್ಡ ಪಟ್ಟಿಯಿದೆ. ಪ್ರತಿಯೊಂದು ಪೊಟ್ಟಣದಿಂದಲೂ ಲೆಕ್ಕಹಾಕಿ ತೆಗೆದ ಒಂದು ಉದ್ದನೆಯ ಗುರುತಿನ ಸಂಖ್ಯೆ ಅದರಲ್ಲಿ ಬರೆದಿದೆ. ಪೊಟ್ಟಣದೊಳಗೆ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಆ ಪಟ್ಟಿಯ ಮೇಲೆ ಉಗ್ರಾಣದವರು ತಮ್ಮ ಗುಪ್ತ ಕೀಲಿಯಿಂದ ಮುದ್ರೆ ಒತ್ತುತ್ತಾರೆ. ಮುದ್ರೆಯನ್ನು ಪರೀಕ್ಷಿಸುವ ಬಹಿರಂಗ ಕೀಲಿ ನಿಮ್ಮ ಯಂತ್ರದಲ್ಲಿ ಲಿನಕ್ಸ್ ಹಾಕಿದ ದಿನದಿಂದಲೇ ಇದೆ. ತರುವಾಗ ಯಂತ್ರವೇ ಮುದ್ರೆಯನ್ನೂ ಸಂಖ್ಯೆಯನ್ನೂ ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಹಾಕುವುದಿಲ್ಲ. ದಾರಿಯಲ್ಲಿ ಯಾರಾದರೂ ಮಾಲು ಬದಲಿಸಿದರೆ ಬಾಗಿಲಲ್ಲೇ ಸಿಕ್ಕಿಬೀಳುತ್ತಾರೆ.

ಬರಿಯ ಗುರುತಿನ ಸಂಖ್ಯೆ ಸಾಲದು, ಮುದ್ರೆಯೂ ಬೇಕು ಎಂಬುದಕ್ಕೆ ಲಿನಕ್ಸ್ ಮಿಂಟಿನ ಕತೆಯೇ ಸಾಕ್ಷಿ. ೨೦೧೬ರ ಫೆಬ್ರವರಿ ೨೦ರಂದು ಕಳ್ಳರು ಮಿಂಟಿನ ವೆಬ್‌ಸೈಟಿಗೆ ನುಗ್ಗಿ, ೧೭.೩ ಸಿನಮನ್ ಆವೃತ್ತಿಯನ್ನು ಇಳಿಸಿಕೊಳ್ಳುವ ಕೊಂಡಿಯನ್ನು ತಿರುಗಿಸಿ, ಹಿಂಬಾಗಿಲು ಇಟ್ಟ ಖೋಟಾ ಪ್ರತಿಯ ಕಡೆಗೆ ಬಿಟ್ಟರು. ಅದೇ ಸೈಟಿನಲ್ಲಿ ಬರೆದಿರುವ ಗುರುತಿನ ಸಂಖ್ಯೆಯನ್ನು ನೋಡಿ ತಾಳೆ ಮಾಡಿದರೆ ಅಂಥ ಸಮಯದಲ್ಲಿ ಏನು ಭರವಸೆ? ಬಾಗಿಲು ಮುರಿದವನಿಗೆ ಬಾಗಿಲ ಪಕ್ಕದ ಫಲಕವನ್ನು ಬದಲಿಸುವುದು ಕಷ್ಟವೆ? ಮುದ್ರೆಯ ಗುಪ್ತ ಕೀಲಿ ವೆಬ್‌ಸೈಟಿನಲ್ಲಿ ಇರುವುದಿಲ್ಲ, ಆದ್ದರಿಂದ ಅದನ್ನು ನಕಲು ಮಾಡಲಾಗುವುದಿಲ್ಲ. ತಪ್ಪನ್ನು ಮುಚ್ಚಿಡದೆ ಮರುದಿನವೇ ಮಿಂಟಿನವರು ಅದನ್ನು ಜಗತ್ತಿಗೆ ತಿಳಿಸಿದರೆಂಬುದನ್ನೂ ಹೇಳಬೇಕು.

ಉಗ್ರಾಣದ ದೋಷವೆಂದರೆ ಅಲ್ಲಿಯ ಸರಕು ಸ್ವಲ್ಪ ಹಳೆಯದಿರುತ್ತದೆ. ಹಳೆಯದೆಂದರೆ ಕೆಟ್ಟದ್ದೆಂದಲ್ಲ. ಆದರೆ ಸರ್ವರು ಬಹಳ ಮುಂದೆ ಹೋಗಿದ್ದರೆ ಹೊಸದು ಬೇಕಾಗಬಹುದು. ಆಗ ಎರಡನೆಯ ಬಾಗಿಲು. ಉಬುಂಟು ಮತ್ತು ಮಿಂಟಿಗೆ ನೆಕ್ಸ್ಟ್‌ಕ್ಲೌಡಿನ ಕೆಲಸಗಾರರದೇ ಒಂದು ಹೊರ ಉಗ್ರಾಣವಿದೆ. ಇಂಥವನ್ನು ಪಿಪಿಎ ಎನ್ನುತ್ತಾರೆ. ಇದನ್ನು ಸೇರಿಸುವುದೆಂದರೆ ಮನೆಯ ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟಂತೆ. ತಯಾರಿಸಿದವರದೇ ಆದ ಪಿಪಿಎ ಆದರೆ ಕೊಡಬಹುದು. ಯಾರೋ ಪುಣ್ಯಾತ್ಮರು ಹೊಸ ಆವೃತ್ತಿ ಕಟ್ಟಿ ಇಟ್ಟಿದ್ದಾರೆಂದು ಕಂಡ ಕಂಡ ಉಗ್ರಾಣಗಳನ್ನು ಸೇರಿಸಬಾರದು. ಮತ್ತೂ ಒಂದು ತೊಡಕು: ಉಬುಂಟು ಒಂದು ಆವೃತ್ತಿಯಿಂದ ಮುಂದಿನದಕ್ಕೆ ಏರುವಾಗ ಇಂಥ ಹೊರ ಉಗ್ರಾಣಗಳನ್ನು ತಾನಾಗಿ ಮುಚ್ಚಿಬಿಡುತ್ತದೆ. ಮತ್ತೆ ತೆರೆಯುವುದು ನಮ್ಮ ಕೆಲಸ. ತೆರೆಯದಿದ್ದರೆ ಸಿಂಕ್ ತಂತ್ರಾಂಶ ಅಂದಿನ ಆವೃತ್ತಿಯಲ್ಲಿಯೇ ನಿಂತುಬಿಡುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಹೊರ ಉಗ್ರಾಣಗಳ ಕೀಲಿಗಳನ್ನು ಎಲ್ಲಿ ಇಡಬೇಕೆಂಬುದರಲ್ಲಿಯೂ ಕ್ರಮ ಬದಲಾಗಿದೆ. ಹಿಂದೆ 'ಆಪ್ಟ್-ಕೀ' ಎಂಬ ಆಜ್ಞೆಯಿಂದ ಎಲ್ಲ ಕೀಲಿಗಳನ್ನೂ ಒಂದೇ ಗೊಂಚಲಿಗೆ ಸೇರಿಸುತ್ತಿದ್ದರು. ಒಬ್ಬರ ಮುದ್ರೆ ಇನ್ನೊಬ್ಬರ ಸರಕಿಗೂ ನಡೆದುಬಿಡುತ್ತಿತ್ತು. ಈಗ ಪ್ರತಿ ಉಗ್ರಾಣದ ಕೀಲಿಯನ್ನೂ ಬೇರೆ ಇಟ್ಟು, ಇದು ಇದಕ್ಕೆ ಮಾತ್ರ ಎಂದು ಬರೆಯುತ್ತಾರೆ. ಎಲ್ಲಿಯಾದರೂ ಓದಿದ ಸೂಚನೆಯಲ್ಲಿ 'ಆಪ್ಟ್-ಕೀ' ಕಂಡರೆ ಆ ಸೂಚನೆ ಹಳೆಯದೆಂದು ತಿಳಿದು ಪಕ್ಕಕ್ಕಿಡಿ.

ಮೂರನೆಯದು 'ಆಪ್‌ಇಮೇಜ್'. ನೆಕ್ಸ್ಟ್‌ಕ್ಲೌಡಿನವರು ತಮ್ಮ ಸೈಟಿನಲ್ಲಿ ಲಿನಕ್ಸಿಗೆಂದು ಕೊಡುವುದು ಇದನ್ನೇ. ಇಡೀ ತಂತ್ರಾಂಶ ಒಂದೇ ಫೈಲಿನಲ್ಲಿ ಇರುತ್ತದೆ. ಇಳಿಸಿಕೊಂಡು, ಅದರ ಗುಣಲಕ್ಷಣಗಳಲ್ಲಿ 'ಓಡಿಸಬಹುದು' ಎಂಬ ಅನುಮತಿ ಕೊಟ್ಟು, ಎರಡು ಸಲ ಒತ್ತಿದರೆ ನಡೆಯುತ್ತದೆ. ಯಂತ್ರದ ಒಡೆಯನ ಪಾಸ್‌ವರ್ಡ್ ಕೂಡ ಬೇಡ. ಆದರೆ ಮಿಂಟಿನ 'ಅಪ್‌ಡೇಟ್ ಮ್ಯಾನೇಜರ್' ಇದನ್ನು ಕಾಣುವುದಿಲ್ಲ, ಆದ್ದರಿಂದ ಹೊಸದು ಬಂತೇ ಎಂದು ನಾವೇ ನೋಡುತ್ತಿರಬೇಕು. ಆಫೀಸು ಮುಗಿಸಿ ಎಂಟು ಗಂಟೆಯ ಲೋಕಲಿನಲ್ಲಿ ನಿಂತು ಮನೆ ಸೇರುವವರಿಗೆ ಅಷ್ಟು ನೆನಪಿಡುವುದು ಆಗದ ಮಾತು. ನಮ್ಮ ಮತ ಮೊದಲನೆಯ ಬಾಗಿಲಿಗೇ. ಅದು ಸಾಲದಿದ್ದರೆ ಮಾತ್ರ ಮುಂದಿನವು.

ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ 'ಫ್ಲಾಟ್‌ಪ್ಯಾಕ್' ಎಂಬ ಇನ್ನೊಂದು ಬಗೆಯೂ ಕಾಣುತ್ತದೆ. ತಯಾರಕರದೇ ಎಂದು ದೃಢಪಡದ ಫ್ಲಾಟ್‌ಪ್ಯಾಕುಗಳನ್ನು ೨೦೨೪ರಲ್ಲಿ ಬಂದ ಮಿಂಟ್ ೨೨ ತಾನಾಗಿ ಮರೆಮಾಡುತ್ತದೆ. ಆ ಮರೆಯನ್ನು ತೆಗೆಯದಿರುವುದೇ ಲೇಸು.

ಇವಲ್ಲದೆ ನಾಲ್ಕನೆಯದೊಂದಿದೆ, ಅದು ಬಾಗಿಲಲ್ಲ, ಗೋಡೆಯ ಕನ್ನ. "ಈ ಒಂದು ಸಾಲನ್ನು ನಕಲು ಮಾಡಿ ಟರ್ಮಿನಲ್ಲಿನಲ್ಲಿ ಅಂಟಿಸಿ, ಎಂಟರ್ ಒತ್ತಿ" ಎಂಬ ಉಪದೇಶ. ಆ ಸಾಲಿನ ಮೊದಲಲ್ಲಿ 'ಸುಡೋ' ಎಂಬ ಪದವಿದ್ದರೆ ಇಡೀ ಯಂತ್ರದ ಒಡೆತನವನ್ನು ಆ ಸಾಲಿಗೆ ಬಿಟ್ಟುಕೊಟ್ಟಂತೆ. ಸಾಲಿನ ಅರ್ಥ ಪದಪದವಾಗಿ ತಿಳಿಯದಿದ್ದರೆ ಅಂಟಿಸಬಾರದು. ರುಜು ಹಾಕುವ ಮುಂಚೆ ಕಾಗದ ಓದುವುದನ್ನು ಗುಮಾಸ್ತರಿಗೆ ನಾವು ಕಲಿಸಬೇಕೆ?

ಮೊದಲ ಬಾಗಿಲಿನಲ್ಲಿ ಎಂದೂ ಕೇಡು ನುಸುಳದು ಎಂದು ಹೇಳಿದರೆ ಸುಳ್ಳಾದೀತು. ೨೦೨೪ರ ಮಾರ್ಚ್ ೨೯ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು, ಲಿನಕ್ಸಿನಲ್ಲಿ ಎಲ್ಲೆಡೆ ಬಳಸುವ 'ಎಕ್ಸ್‌ಜೆಡ್' ಎಂಬ ಸಣ್ಣ ಉಪಕರಣದ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ ಗುಪ್ತ ಹಿಂಬಾಗಿಲು ಇರುವುದನ್ನು ಬಯಲಿಗೆಳೆದರು. ದೂರದಿಂದ ಯಂತ್ರದೊಳಗೆ ಹೋಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಸಣ್ಣ ಅನುಮಾನದಿಂದ ಹೊರಟು ಅವರು ಅದನ್ನು ಹಿಡಿದರು! ಡೆಬಿಯನ್ನಿನ ಪ್ರಯೋಗದ ಆವೃತ್ತಿಗಳಿಗೆ ಅದು ಬಂದುಬಿಟ್ಟಿತ್ತು, ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ನಿಧಾನವಾಗಿ ನಡೆಯುವ ಉಗ್ರಾಣವನ್ನು ಬಳಸುವವರು ಆ ಸಲ ಆ ನಿಧಾನದಿಂದಲೇ ಉಳಿದರು.

ಈಗ ಕೆಲಸದ ಕ್ರಮ. ನಾವು ಕಳೆದುಕೊಂಡದ್ದು ಇಲ್ಲಿ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಏನನ್ನೂ ಮುಟ್ಟುವ ಮುಂಚೆ ಪರದೆಯ ಅಂಚಿನ ಚಿಹ್ನೆಯನ್ನು ನೋಡಿ. ಹಸಿರು ಗುರುತಿದ್ದರೆ ಎಲ್ಲವೂ ಸರ್ವರಿಗೆ ಮುಟ್ಟಿದೆ. ಬೇರೆ ಏನಿದ್ದರೂ ಕೆಲವು ಫೈಲುಗಳು ಇಲ್ಲಿ ಮಾತ್ರ ಇವೆ ಎಂದು ತಿಳಿಯಬೇಕು. ಹಸಿರನ್ನೂ ಪೂರ್ತಿ ನಂಬದೆ, ಬ್ರೌಸರಿನಲ್ಲಿ ಸರ್ವರಿನ ಪುಟ ತೆರೆದು, ಕೊನೆಗೆ ಸೇರಿಸಿದ ಫೈಲು ಅಲ್ಲಿ ಕಾಣುತ್ತದೆಯೇ ನೋಡಿ. ಎರಡು ನಿಮಿಷದ ಕೆಲಸ. ನಾವು ಆ ಎರಡು ನಿಮಿಷ ಉಳಿಸಿದ್ದೆವು.

ಆಮೇಲೆ ಟಪಾಲಿನವನನ್ನು ನಿಲ್ಲಿಸಿ. ಎಂದರೆ ಚಿಹ್ನೆಯ ಮೇಲೆ ಒತ್ತಿ ತಂತ್ರಾಂಶದಿಂದ ಹೊರಬನ್ನಿ. ಕಿಟಕಿಯನ್ನು ಮುಚ್ಚಿದರೆ ಸಾಲದು, ಅದು ಹಿಂದೆ ನಡೆಯುತ್ತಲೇ ಇರುತ್ತದೆ. ನಿಂತ ಮೇಲೆ ಸಿಂಕ್ ಫೋಲ್ಡರನ್ನು ಇಡಿಯಾಗಿ ಪೆನ್ ಡ್ರೈವಿಗೆ ನಕಲು ಮಾಡಿ. ಮುಗಿದಾಗ ಎರಡೂ ಕಡೆ ಬಲಗುಂಡಿ ಒತ್ತಿ ಗುಣಲಕ್ಷಣ ನೋಡಿದರೆ ಫೈಲುಗಳ ಎಣಿಕೆಯೂ ಒಟ್ಟು ಗಾತ್ರವೂ ಕಾಣುತ್ತವೆ, ಎಣಿಕೆ ತಾಳೆಯಾಗಬೇಕು. ಪೆನ್ ಡ್ರೈವನ್ನು 'ಇಜೆಕ್ಟ್' ಕೊಟ್ಟೇ ಕಳಚಬೇಕು. ಲಿನಕ್ಸು ಬರೆಯುವುದನ್ನು ಸ್ವಲ್ಪ ಹೊತ್ತು ಸ್ಮರಣೆಯಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಬರೆಯುವುದುಂಟು. ಪರದೆಯಲ್ಲಿ ಮುಗಿಯಿತೆಂದು ಕಂಡರೂ ಒಳಗೆ ಮುಗಿದಿರುವುದಿಲ್ಲ.

ಇಲ್ಲಿ ಒಂದು ಭ್ರಮೆಯನ್ನು ಕಳೆಯಬೇಕು. ಮಿಂಟಿನಲ್ಲಿ 'ಟೈಮ್‌ಶಿಫ್ಟ್' ಎಂಬ ಉಪಕರಣವಿದೆ. ಯಂತ್ರ ಕೆಟ್ಟರೆ ನಿನ್ನೆಯ ಸ್ಥಿತಿಗೆ ತರುತ್ತದೆ ಎಂದು ಅದನ್ನು ನಂಬಿದವರು ನಮ್ಮಲ್ಲಿ ಬಹಳ. ಅದು ಕಾಯುವುದು ಯಂತ್ರದ ವ್ಯವಸ್ಥೆಯನ್ನು. ನಿಮ್ಮ ಸ್ವಂತ ಫೈಲುಗಳಿರುವ 'ಹೋಮ್' ಫೋಲ್ಡರನ್ನು ಅದು, ನೀವಾಗಿ ಹೇಳದ ಹೊರತು, ಸೇರಿಸಿಕೊಳ್ಳುವುದೇ ಇಲ್ಲ. ನಮ್ಮ ಅನಾಹುತದ ಮರುದಿನ ನಾವು ಮೊದಲು ಓಡಿದ್ದು ಟೈಮ್‌ಶಿಫ್ಟಿನ ಹತ್ತಿರವೇ.

ನಕಲು ಆದ ಮೇಲೆ ಹೊಸದು ಮಾಡುವುದು ಸುಲಭ. ಮಿಂಟಿನ ಕೆಳಪಟ್ಟಿಯಲ್ಲಿ ಗುರಾಣಿಯಂಥ ಚಿಹ್ನೆಯಿದೆ, ಅದೇ ಅಪ್‌ಡೇಟ್ ಮ್ಯಾನೇಜರು. ತೆರೆದು, 'ರಿಫ್ರೆಶ್' ಒತ್ತಿ, ಬಂದ ಪಟ್ಟಿಯನ್ನು ಓದಿ, ಹಾಕಿಸಬೇಕು. ಟರ್ಮಿನಲ್ಲಿನಲ್ಲಿ ಮಾಡುವವರಿಗೆ ಎರಡು ಆಜ್ಞೆಗಳು: 'ಸುಡೋ ಆಪ್ಟ್ ಅಪ್‌ಡೇಟ್', ಅನಂತರ 'ಸುಡೋ ಆಪ್ಟ್ ಅಪ್‌ಗ್ರೇಡ್'. (ಟೈಪು ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ.) ಮೊದಲನೆಯದನ್ನು ಕೊಟ್ಟು, ಆಯಿತೆಂದು ಎದ್ದುಹೋಗುವವರು ಹಲವರು. ಅದು ತರುವುದು ಉಗ್ರಾಣದ ಹೊಸ ಪಟ್ಟಿಯನ್ನು ಮಾತ್ರ. ಸರಕು ಬರುವುದು ಎರಡನೆಯದರಿಂದ. ಮುದ್ರೆ ತಾಳೆಯಾಗಲಿಲ್ಲ ಎಂಬ ಅರ್ಥದ ಎಚ್ಚರಿಕೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಆ ಎಚ್ಚರಿಕೆಯನ್ನು ಬಾಯಿ ಮುಚ್ಚಿಸುವ ಉಪಾಯಗಳೂ ಇವೆ. ಅವನ್ನು ಇಲ್ಲಿ ಹೇಳುವುದಿಲ್ಲ.

ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಬದಲಾಯಿಸುವವರು ಹಳೆಯದನ್ನು ತೆಗೆದೇ ಹೊಸದನ್ನು ಹಾಕಬೇಕು. ಉಗ್ರಾಣದ್ದೂ ಆಪ್‌ಇಮೇಜೂ ಎರಡೂ ಒಂದೇ ಫೋಲ್ಡರಿನ ಮೇಲೆ ಓಡಾಡಿದರೆ ಇಬ್ಬರು ಗುಮಾಸ್ತರು ಒಂದೇ ಖಾತೆಪುಸ್ತಕದಲ್ಲಿ ಬರೆದಂತಾಗುತ್ತದೆ. ಹಳೆಯ ಆಪ್‌ಇಮೇಜು ಯಂತ್ರ ಹಚ್ಚಿದಾಗ ತಾನಾಗಿ ಏಳುವ ಪಟ್ಟಿಯಲ್ಲಿ ಉಳಿದಿರಬಹುದು, ಅದನ್ನೂ ನೋಡಬೇಕು. ತಂತ್ರಾಂಶ ತೆಗೆಯುವುದು ಬೇರೆ, ಫೋಲ್ಡರು ಅಳಿಸುವುದು ಬೇರೆ. ಫೋಲ್ಡರಿನೊಳಗೆ 'ಸಿಂಕ್' ಎಂದು ಆರಂಭವಾಗುವ ಅಡಗಿದ ಡೇಟಾಬೇಸ್ ಫೈಲೊಂದಿರುತ್ತದೆ, ಅದು ಟಪಾಲಿನವನ ಲೆಕ್ಕದ ವಹಿ. ಅದನ್ನು ಕಸವೆಂದು ತೆಗೆಯಬೇಡಿ.

ಖಾತೆಯನ್ನು ಮತ್ತೆ ಜೋಡಿಸಬೇಕಾಗಿ ಬಂದರೆ ತಂತ್ರಾಂಶ ಒಂದು ಮುಖ್ಯ ಪ್ರಶ್ನೆ ಕೇಳುತ್ತದೆ: ಇಲ್ಲಿ ಮೊದಲೇ ಇರುವ ಫೈಲುಗಳನ್ನು ಉಳಿಸಿಕೊಳ್ಳಲೇ, ಇಲ್ಲ ಅಳಿಸಿ ಹೊಸದಾಗಿ ಆರಂಭಿಸಲೇ? 'ಕ್ಲೀನ್' ಎಂಬ ಪದ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅದನ್ನು ಆರಿಸಬೇಡಿ. ಉಳಿಸಿಕೊಳ್ಳುವ ಆಯ್ಕೆಯನ್ನೇ ಒತ್ತಿ. ಹೀಗೆ ಮಾಡಿದಾಗ ಒಂದೇ ಫೈಲು ಎರಡು ಕಡೆ ಬೇರೆ ಬೇರೆಯಾಗಿ ತಿದ್ದಿದ್ದರೆ, 'ಕಾನ್‌ಫ್ಲಿಕ್ಟೆಡ್ ಕಾಪಿ' ಎಂಬ ಪದವೂ ತಾರೀಕೂ ಸೇರಿದ ಹೆಸರಿನಲ್ಲಿ ಎರಡನೆಯ ಪ್ರತಿ ಕಾಣಿಸಿಕೊಳ್ಳುತ್ತದೆ. ಗಾಬರಿ ಬೇಡ, ತಂತ್ರಾಂಶ ಎರಡನ್ನೂ ಕಾಯ್ದಿದೆ ಎಂದರ್ಥ. ಎರಡನ್ನೂ ತೆರೆದು ನೋಡಿ ಬೇಡದ್ದನ್ನು ತೆಗೆಯಿರಿ.

ಕೊನೆಗೆ 'ಪರೀಕ್ಷೆ' ಎಂಬ ಹೆಸರಿನಲ್ಲಿ ಒಂದು ಸಣ್ಣ ಫೈಲನ್ನು ಫೋಲ್ಡರಿನಲ್ಲಿಟ್ಟು, ಅದು ಫೋನಿಗೆ ಬಂದಿತೆ ನೋಡಿ. ಫೋನಿನಿಂದ ಒಂದನ್ನು ಸೇರಿಸಿ, ಅದು ಇಲ್ಲಿಗೆ ಬಂದಿತೆ ನೋಡಿ. ಎರಡೂ ಆದ ಮೇಲೆಯೂ ಪೆನ್ ಡ್ರೈವಿನ ನಕಲನ್ನು ಒಂದು ತಿಂಗಳಾದರೂ ಅಳಿಸಬೇಡಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಒಂದು ಮಾತು. ಹೆಸರು ಕನ್ನಡದಲ್ಲಿರಲಿ, ನಮಗೆ ಸಂತೋಷವೇ. ಆದರೆ ಲಿನಕ್ಸಿನಲ್ಲಿ ಒಂದು ಫೈಲಿನ ಹೆಸರಿಗೆ ಸಾಮಾನ್ಯವಾಗಿ ೨೫೫ ಬೈಟುಗಳ ಮಿತಿಯಿದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು; ಕಾಗುಣಿತದ ಗುರುತೂ ಒಂದು ಚಿಹ್ನೆ, ಒತ್ತಕ್ಷರದೊಳಗೆ ಅಡಗಿರುವ ಹಲಂತವೂ ಒಂದು ಚಿಹ್ನೆ. 'ಕ್ಷ' ಎಂಬ ಒಂದಕ್ಷರವೇ ಒಂಬತ್ತು ಬೈಟು. ಎಲ್ಲ ಸೇರಿ ೮೫ ಚಿಹ್ನೆಗಳಿಗೆ ಜಾಗ ಮುಗಿಯುತ್ತದೆ. ನಮ್ಮ ಸದಸ್ಯರೊಬ್ಬರು ಪಹಣಿಯ ಫೈಲಿಗೆ ತಾಲ್ಲೂಕು, ಹೋಬಳಿ, ಸರ್ವೆ ನಂಬರು, ಅಜ್ಜನ ಹೆಸರು ಎಲ್ಲವನ್ನೂ ಸೇರಿಸಿ ಹೆಸರಿಡಲು ಹೋಗಿ, ಸಿಂಕು ಅದೊಂದೇ ಫೈಲನ್ನು ಏಕೆ ಬಿಡುತ್ತದೆಂದು ವಾರಗಟ್ಟಲೆ ತಲೆ ಕೆಡಿಸಿಕೊಂಡರು. ಹೆಸರು ಚಿಕ್ಕದಿರಲಿ, ವಿವರ ಒಳಗಿರಲಿ. ಫೋಲ್ಡರನ್ನು ವಿಂಡೋಸ್ ಯಂತ್ರದೊಡನೆ ಹಂಚಿಕೊಳ್ಳುವವರು ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ವಿವರಣ ಚಿಹ್ನೆಗಳನ್ನೂ ಬಿಡಬೇಕು. ವಿಂಡೋಸು ಅವನ್ನು ಒಪ್ಪುವುದಿಲ್ಲ.

ಡ್ರಾಪ್‌ಬಾಕ್ಸ್ ಬಳಸುವವರಿಗೆ ಕ್ರಮ ಸ್ವಲ್ಪ ಬೇರೆ. ಉಗ್ರಾಣದಿಂದ ಬರುವುದು ಒಂದು ಸಣ್ಣ ದೂತ ಮಾತ್ರ. ಅದು ಹೋಗಿ ಕಂಪನಿಯಿಂದ ನಿಜವಾದ ತಂತ್ರಾಂಶವನ್ನು ತಂದು ನಿಮ್ಮ ಹೋಮಿನ ಅಡಗಿದ ಫೋಲ್ಡರೊಂದರಲ್ಲಿ ಇಡುತ್ತದೆ, ಆಮೇಲೆ ಅದು ತನ್ನನ್ನು 'ತಾನೇ' ಹೊಸದು ಮಾಡಿಕೊಳ್ಳುತ್ತದೆ. ಅನುಕೂಲವೇ. ಆದರೆ ೨೦೧೮ರ ನವೆಂಬರಿನಿಂದ ಲಿನಕ್ಸಿನಲ್ಲಿ 'ಎಕ್ಸ್ಟ್೪' ಎಂಬ ಒಂದೇ ಬಗೆಯ ಡಿಸ್ಕ್ ವ್ಯವಸ್ಥೆಯನ್ನು ಮಾತ್ರ ಒಪ್ಪುವುದಾಗಿ ಆ ಕಂಪನಿ ಸಾರಿತು. ೨೦೧೯ರಲ್ಲಿ ಮತ್ತೆ ಕೆಲವನ್ನು ಸೇರಿಸಿಕೊಂಡಿತು. ನಡುವೆ ಎಷ್ಟೋ ಜನ ಪೇಚಾಡಿದರು. ಗೂಗಲ್ ಡ್ರೈವಿಗಂತೂ ಗೂಗಲಿನವರೇ ಮಾಡಿದ ಲಿನಕ್ಸ್ ಸಿಂಕ್ ತಂತ್ರಾಂಶ ಇಲ್ಲ. ಬೇರೆಯವರು ಮಾಡಿದ್ದನ್ನು ಹಾಕುವಾಗ, ನಿಮ್ಮ ಖಾತೆಯ ಎಷ್ಟು ಭಾಗಕ್ಕೆ ಅದು ಅಪ್ಪಣೆ ಕೇಳುತ್ತದೆ ಎಂಬುದನ್ನು ಓದಿಯೇ ಒಪ್ಪಬೇಕು.

ವಾಚನಾಲಯದ ಯಂತ್ರ ಹತ್ತು ಜನರದು. ಅದರಲ್ಲಿ ನಿಮ್ಮ ಸ್ವಂತ ಖಾತೆಯನ್ನು ಸಿಂಕಿಗೆ ಜೋಡಿಸಬೇಡಿ. ಜೋಡಿಸಿ ಮರೆತವರು ಇದ್ದರೆ, ಮನೆಯಿಂದಲೇ ಬ್ರೌಸರಿನಲ್ಲಿ ಖಾತೆ ತೆರೆದು ಸೆಕ್ಯುರಿಟಿ ಪುಟಕ್ಕೆ ಹೋದರೆ, ಯಾವ ಯಾವ ಯಂತ್ರಗಳು ಒಳಗಿವೆ ಎಂಬ ಪಟ್ಟಿ ಇರುತ್ತದೆ. ಅಲ್ಲಿಂದ ನಮ್ಮದನ್ನು ತೆಗೆದುಹಾಕಿರಿ. ಲ್ಯಾಪ್‌ಟಾಪು ಮಾರಿದವರೂ, ಫೋನು ಲೋಕಲಿನಲ್ಲಿ ಕಳೆದುಕೊಂಡವರೂ ಇದೇ ಕೆಲಸ ಮಾಡತಕ್ಕದ್ದು.

ಈಗ ನಮ್ಮ ಯಂತ್ರದ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ಬಾಗಿಲು ತೆರೆಯುವವರು ಪ್ರತಿದಿನ ಸಿಂಕಿನ ಚಿಹ್ನೆಯ ಬಣ್ಣ ನೋಡಿ ಅಲ್ಲಿ ರುಜು ಹಾಕಬೇಕು. ತಿಂಗಳ ಮೊದಲ ರವಿವಾರ ಇಡೀ ಫೋಲ್ಡರಿನ ನಕಲು ತೆಗೆದು ಕಪಾಟಿನಲ್ಲಿ ಇಡುತ್ತೇವೆ. ವಿಜಯಪುರದ ಸದಸ್ಯರ ತಂಗಿ ಕಳಿಸಿದ ನಾಲ್ಕು ಕಾಗದಗಳ ಪ್ರತಿಯೂ ಅದರಲ್ಲಿದೆ. ತಮ್ಮ ಲ್ಯಾಪ್‌ಟಾಪಿನ ತಂತ್ರಾಂಶವನ್ನು ಹೊಸದು ಮಾಡಿಸಬೇಕೆನ್ನುವ ಸದಸ್ಯರು ಅದೇ ರವಿವಾರ ಬೆಳಿಗ್ಗೆ ಹತ್ತರಿಂದ ಒಂದರ ಒಳಗೆ ಬರಬಹುದು. ಬರುವಾಗ ಖಾಲಿ ಪೆನ್ ಡ್ರೈವ್ ಮರೆಯದೆ ತರಬೇಕು. ವಾಚನಾಲಯದಲ್ಲಿರುವುದು ಒಂದೇ, ಅದು ಕಪಾಟಿನಿಂದ ಹೊರಗೆ ಬರುವುದಿಲ್ಲ.